ಹಂಪಿಯಿಂದ ಆನೆಗುಂದಿಗೆ ನಡೆದು ಹೋಗೋದಾದರೆ ಯಾವ ದಡ ಹಿಡಿಯಬೇಕು?

ಹಂಪಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ವಿರೂಪಾಕ್ಷ ನೋಡಿದೆವು, ಕಲ್ಲಿನ ರಥ ನೋಡಿದೆವು, ಕಮಲ ಮಹಲ್ ನೋಡಿದೆವು ಅಂತಾರೆ. ಹೊಳೆ ನೋಡಿದಿರಾ ಅಂದರೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಆಟೊ ಹತ್ತೋದು, ಇಳಿಯೋದು, ಫೋಟೊ ತೆಗೆಯೋದು, ಮತ್ತೆ ಹತ್ತೋದು. ಹೀಗೆ ನೋಡಿದರೆ ಹಂಪಿ ತುಂಡು ತುಂಡಾಗಿಯೇ ಮನಸ್ಸಲ್ಲಿ ಉಳಿಯುತ್ತದೆ. ತುಂಗಭದ್ರೆಯ ದಡ ಹಿಡಿದು ಒಮ್ಮೆ ನಡೆದರೆ ಆ ತುಂಡುಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಯಾವ ಗುಡಿ ಯಾಕೆ ಅಲ್ಲಿದೆ, ಪೇಟೆ ಬೀದಿ ಯಾಕೆ ಹೊಳೆಯ ಕಡೆಗೆ ಬಾಯಿ ತೆರೆದಿದೆ ಅನ್ನೋದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಹಂಪಿ ಈ ದಡದಲ್ಲಿ, ಆನೆಗುಂದಿ ಆ ದಡದಲ್ಲಿ. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದ ಊರು, ಆನೆಗುಂದಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನದು. ನಡುವೆ ಹೊಳೆ. ಗಾಡಿಯಲ್ಲಿ ಹೋಗಬೇಕಾದರೆ ಕಮಲಾಪುರ ದಾಟಿ, ಬುಕ್ಕಸಾಗರದ ಸೇತುವೆ ಹತ್ತಿ ದೊಡ್ಡ ಸುತ್ತು ಹಾಕಬೇಕು. ನಡೆದು ಹೋದರೆ ಐದು ಕಿಲೋಮೀಟರ್ ಆಸುಪಾಸು ಅಷ್ಟೇ, ಜೊತೆಗೆ ಒಂದು ಹರಿಗೋಲಿನ ದಾಟು. ಏರು ಇಳಿವು ಜಾಸ್ತಿ ಇಲ್ಲ. ಬೆಟ್ಟ ಹತ್ತುವ ಅಭ್ಯಾಸ ಇಲ್ಲದವರೂ ಆರಾಮಾಗಿ ಮುಗಿಸಬಹುದು.

ಆದರೆ ದಾರಿ ಒಂದೇ ಅಲ್ಲ. ಹಂಪಿ ಕಡೆಯ ದಡದಲ್ಲಿ ನಡೆದು ಕೊನೆಗೆ ಹೊಳೆ ದಾಟಬಹುದು. ಮೊದಲೇ ಹೊಳೆ ದಾಟಿ ಆಚೆ ದಡದಲ್ಲಿ ನಡೆಯಬಹುದು. ದಾಟದೆಯೇ ಸುತ್ತು ಹೊಡೆದು ವಾಪಸ್ ಬರಲೂಬಹುದು. ಮೂರನ್ನೂ ನಾನು ಬೇರೆ ಬೇರೆ ಕಾಲದಲ್ಲಿ ಮಾಡಿದ್ದೇನೆ. ಮೊದಲ ಸಲ ಹೋಗುವವರಿಗೆ, ಚಳಿಗಾಲದ ಒಂದು ಬೆಳಿಗ್ಗೆ ಕೈಯಲ್ಲಿದ್ದರೆ, ಹಂಪಿ ಕಡೆಯ ದಡವೇ ಸರಿ. ಯಾಕೆ ಅಂತ ಹೇಳುತ್ತೇನೆ. ಉಳಿದವು ಯಾರಿಗೆ, ಯಾವಾಗ ಒಳ್ಳೆಯದು ಅನ್ನೋದನ್ನೂ ಹೇಳುತ್ತೇನೆ.

ಹಂಪಿ ಕಡೆಯ ದಡ

ವಿರೂಪಾಕ್ಷ ದೇವಸ್ಥಾನದ ಹಿಂದಿನ ಸ್ನಾನಘಟ್ಟದಿಂದ ಶುರು ಮಾಡಿ. ಬೆಳಿಗ್ಗೆ ಆರೂವರೆ, ಏಳಕ್ಕೆ ಅಲ್ಲಿದ್ದರೆ ಒಳ್ಳೆಯದು. ಬಟ್ಟೆ ಒಗೆಯುವವರು, ಸ್ನಾನ ಮಾಡುವ ಯಾತ್ರಿಕರು, ತಣ್ಣಗಿನ ಮೆಟ್ಟಿಲು. ಅದೃಷ್ಟ ಇದ್ದರೆ ದೇವಸ್ಥಾನದ ಆನೆ ಲಕ್ಷ್ಮಿ ಸ್ನಾನಕ್ಕೆ ಬರುತ್ತಾಳೆ. ಮಾವುತರು ಉಜ್ಜುತ್ತಿದ್ದರೆ ಅವಳು ಮಗುವಿನ ಹಾಗೆ ಪಕ್ಕಕ್ಕೆ ಮಲಗಿ ಸೊಂಡಿಲ ತುದಿಯನ್ನು ಮಾತ್ರ ನೀರಿನ ಮೇಲೆ ಎತ್ತಿಕೊಂಡಿರುತ್ತಾಳೆ. ಇದನ್ನು ನೋಡುತ್ತಾ ಅರ್ಧ ಗಂಟೆ ಹೋದರೂ ಚಿಂತೆ ಮಾಡಬೇಡಿ.

ಅಲ್ಲಿಂದ ರಥಬೀದಿ. ಎರಡೂ ಕಡೆ ಕಲ್ಲಿನ ಸಾಲು ಮಂಟಪ, ಬೀದಿಯ ಕೊನೆಗೆ ಬಂಡೆಯ ನೆರಳಲ್ಲಿ ಎದುರು ಬಸವಣ್ಣ. ಇಲ್ಲಿ ದಾರಿ ಎರಡಾಗುತ್ತದೆ. ಬಸವಣ್ಣನ ಪಕ್ಕದ ಮೆಟ್ಟಿಲು ಹತ್ತಿದರೆ ಮಾತಂಗ ಬೆಟ್ಟದ ಬುಡದಿಂದ ಅಚ್ಯುತರಾಯ ದೇವಸ್ಥಾನಕ್ಕೆ ಇಳಿಯುತ್ತೀರಿ. ಬಸವಣ್ಣನಿಗಿಂತ ಸ್ವಲ್ಪ ಮುಂಚೆ ಎಡಕ್ಕೆ ತಿರುಗಿದರೆ ಹೊಳೆಯ ದಾರಿ.

ಎಡಕ್ಕೇ ತಿರುಗಿ. ಅಚ್ಯುತರಾಯ ದೇವಸ್ಥಾನ ಏನೂ ತಪ್ಪಿಹೋಗುವುದಿಲ್ಲ. 1534ರಲ್ಲಿ ಕಟ್ಟಿದ ಆ ಗುಡಿಯ ಮುಂದಿನ ಪೇಟೆ ಬೀದಿ ನೆಟ್ಟಗೆ ಹೊಳೆಯ ಕಡೆಗೇ ಬಂದು ಸೇರುತ್ತದೆ. ಮುಂದೆ ಹೋದ ಮೇಲೆ ಬಲಕ್ಕೆ ಒಂದು ಹತ್ತು ನಿಮಿಷ ಒಳಗೆ ನಡೆದರೆ ಗುಡಿ ಸಿಗುತ್ತದೆ. ಮೆಟ್ಟಿಲ ದಾರಿಯಲ್ಲಿ ಹೋದರೆ ಮಾತ್ರ ಚಕ್ರತೀರ್ಥ ತಪ್ಪುತ್ತದೆ. ಈ ನಡಿಗೆಯಲ್ಲಿ ತಪ್ಪಿಸಬಾರದ ಜಾಗ ಅಂದರೆ ಅದೇ.

ಚಕ್ರತೀರ್ಥದಲ್ಲಿ ತುಂಗಭದ್ರೆ ಬಂಡೆಗಳ ನಡುವೆ ನುಗ್ಗಿ ತಿರುಗುತ್ತಾಳೆ. ನೀರು ಆಳ, ಮೇಲೆ ನೋಡಲು ಶಾಂತ. ದಡದಲ್ಲೇ ಕೋದಂಡರಾಮ ದೇವಸ್ಥಾನ. ಒಂದೇ ಬಂಡೆಯ ಮೇಲೆ ಕೆತ್ತಿದ ರಾಮ, ಲಕ್ಷ್ಮಣ, ಸೀತೆ, ಸುಗ್ರೀವ. ಕಾರ್ತಿಕದಲ್ಲಿ ಹೆಂಗಸರು ಅರಳಿ ಮರದ ಬುಡದಲ್ಲಿ ದೀಪ ಹಚ್ಚುತ್ತಿರುತ್ತಾರೆ. ಗುಡಿಯ ಹಿಂದಿನ ಬಂಡೆ ಹತ್ತಿದರೆ ಯಂತ್ರೋದ್ಧಾರಕ ಆಂಜನೇಯ. ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದು ಅನ್ನೋದು ನಂಬಿಕೆ. ಇಲ್ಲಿ ಹನುಮಂತ ಹಾರುತ್ತಿಲ್ಲ, ಗದೆ ಎತ್ತಿಲ್ಲ. ಆರು ಮೂಲೆಯ ಯಂತ್ರದ ನಡುವೆ ಪದ್ಮಾಸನ ಹಾಕಿ ಕೂತಿದ್ದಾನೆ. ಸುತ್ತ ಹನ್ನೆರಡು ಕೋತಿಗಳು, ಒಂದರ ಬಾಲ ಇನ್ನೊಂದು ಹಿಡಿದುಕೊಂಡು ವೃತ್ತ ಕಟ್ಟಿವೆ. ಹೊರಗೆ ನಿಜವಾದ ಕೋತಿಗಳು ನಿಮ್ಮ ಕೈಯ ಬಾಳೆಹಣ್ಣನ್ನೇ ನೋಡುತ್ತಿರುತ್ತವೆ, ಚೀಲದೊಳಗೆ ಇಟ್ಟುಕೊಂಡೇ ಹತ್ತಿ.

ಇಲ್ಲೊಂದು ಎಚ್ಚರಿಕೆ. ಚಕ್ರತೀರ್ಥದ ಹತ್ತಿರ ಈಜಬೇಡಿ. ಸುಳಿ ಇದೆ, ಮೊಸಳೆಯ ಬಗ್ಗೆ ಬೋರ್ಡ್ ಹಾಕಿದ್ದಾರೆ. ಕಾಲು ತೊಳೆದುಕೊಳ್ಳೋದಿದ್ದರೆ ಜನ ಸ್ನಾನ ಮಾಡುವ ಮೆಟ್ಟಿಲ ಮೇಲೇ ತೊಳೆಯಿರಿ.

ಕೋದಂಡರಾಮ ದಾಟಿದ ಮೇಲೆ ದಾರಿ ಅಗಲವಾಗುತ್ತದೆ. ಬಲಕ್ಕೆ ಅಚ್ಯುತರಾಯ ಪೇಟೆ, ಎಡಕ್ಕೆ ಹೊಳೆ. ನಡುವೆ ಸುಗ್ರೀವನ ಗುಹೆ ಅನ್ನುವ ಒಂದು ಬಂಡೆ ಸಂದು. ಅದರ ಮುಂದೆ ಹಾಸುಬಂಡೆಯ ಮೇಲೆ ಬೆಳ್ಳಗೆ ಉದ್ದಕ್ಕೆ ಎಳೆದ ಹಾಗಿರುವ ಒಂದು ಪಟ್ಟೆ. ಸೀತೆಯನ್ನು ಎಳೆದುಕೊಂಡು ಹೋಗುವಾಗ ಸೆರಗು ತಾಗಿದ ಗುರುತು ಅಂತ ಊರಿನವರು ತೋರಿಸುತ್ತಾರೆ. ನಾನು ಮೊದಲು ಹೋದಾಗ ಅಲ್ಲಿದ್ದ ಒಬ್ಬ ಅಜ್ಜಿ ಮೊಣಕಾಲೂರಿ ಆ ಪಟ್ಟೆಯ ಮೇಲೆ ಬೆರಳಾಡಿಸಿ, "ಸೀರಿ ನೂಲು ಕಾಣ್ತೈತಿ ನೋಡ್ರಿ" ಅಂದರು. ನಾನೂ ಬಗ್ಗಿ ನೋಡಿದೆ. ಕಲ್ಲಿನೊಳಗಿನ ಬಿಳಿ ಎಳೆಗಳು ನಿಜವಾಗಿಯೂ ನೇಯ್ಗೆಯ ಹಾಗೇ ಇದ್ದವು. ಆಟೊದಲ್ಲಿ ಬಂದವರಿಗೆ ಇಂಥದ್ದು ಸಿಗುವುದಿಲ್ಲ, ಯಾಕೆಂದರೆ ಆಟೊ ಇಲ್ಲಿಗೆ ಬರುವುದೇ ಇಲ್ಲ.

ಇನ್ನೊಂದು ಇಪ್ಪತ್ತು ನಿಮಿಷದಲ್ಲಿ ಪುರಂದರ ಮಂಟಪ ಕಾಣುತ್ತದೆ. ಹೊಳೆಯ ಅಂಚಿನಲ್ಲೇ ನಿಂತ ತಗ್ಗು ಕಲ್ಲು ಮಂಟಪ. ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲು ಕಂಬಗಳೂ ಕಾಣುತ್ತವೆ. ಅದು ವಿಜಯನಗರ ಕಾಲದ ಸೇತುವೆಯ ಉಳಿಕೆ. ಅಣೆಕಟ್ಟಿನಿಂದ ಜಾಸ್ತಿ ನೀರು ಬಿಟ್ಟ ದಿನ ಈ ಮಂಟಪ ಮುಳುಗುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ನೀರು ಇಳಿದಾಗ ಮಂಟಪದ ನೆಲದಲ್ಲಿ ಕೂತು ಹೊಳೆ ನೋಡಬಹುದು. ದಾಸರ ಪದ ಗೊತ್ತಿದ್ದರೆ ಮೆಲ್ಲಗೆ ಗುನುಗಿಕೊಳ್ಳಿ. ಪುಷ್ಯ ಅಮಾವಾಸ್ಯೆಯ ಹೊತ್ತಿಗೆ ಪುರಂದರದಾಸರ ಆರಾಧನೆ, ಆಗ ಹಾಡುವವರು ಇಲ್ಲಿಗೆ ಬರುತ್ತಾರೆ.

ಮೇಲೆ ದಾರಿ ಪಕ್ಕ ರಾಜರ ತುಲಾಭಾರ. ಎರಡು ಕಂಬ, ಮೇಲೊಂದು ತೊಲೆ, ತೊಲೆಯ ಕೆಳಗೆ ಮೂರು ಕಲ್ಲಿನ ಬಳೆ. ತಲೆ ಎತ್ತಿ ಬಳೆ ನೋಡದಿದ್ದರೆ ಇದು ಸುಮ್ನೆ ಬಾಗಿಲ ಚೌಕಟ್ಟು ಅನ್ನಿಸುತ್ತದೆ. ಅಲ್ಲಿಂದ ಎರಡು ಹೆಜ್ಜೆ ವಿಠ್ಠಲ ದೇವಸ್ಥಾನ.

ಹಂಪಿಯಿಂದ ಇಲ್ಲಿವರೆಗೆ ಸುಮಾರು ಎರಡು ಕಿಲೋಮೀಟರ್. ನಿಂತು ನೋಡಿಕೊಂಡು ಬಂದರೆ ಎರಡು ಗಂಟೆ. ದೇವಸ್ಥಾನ ಬೆಳಿಗ್ಗೆ ಎಂಟೂವರೆ ಸುಮಾರಿಗೆ ತೆರೆಯುತ್ತದೆ. ಆರೂವರೆಗೆ ಹೊರಟವರಿಗೆ ಲೆಕ್ಕ ಸರಿಯಾಗಿ ಕೂಡುತ್ತದೆ. ಟಿಕೆಟ್ ತೆಗೆದುಕೊಂಡರೆ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ. ಕಲ್ಲಿನ ರಥ 50 ರೂಪಾಯಿ ನೋಟಿನ ಹಿಂದೆ ಇರುವುದೇ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು, ಈಗ ಇಲ್ಲ. ರಥ ಅಂತ ಕರೆದರೂ ಅದು ಗರುಡನ ಗುಡಿ. ಒಳಗಿನ ದೇವರ ಎದುರಿಗೆ ವಾಹನವನ್ನು ನಿಲ್ಲಿಸಿದ ಹಾಗೆ ಕಟ್ಟಿದ್ದಾರೆ. ಸಂಗೀತದ ಕಂಬಗಳನ್ನು ತಟ್ಟುವ ಹಾಗಿಲ್ಲ. ಯಾರಾದರೂ ಗೈಡು ಸುಮ್ನೆ ಒಮ್ಮೆ ತಟ್ಟಿ ಅಂದರೂ ಬೇಡ ಅನ್ನಿ. ಐದು ನೂರು ವರ್ಷದ ಕಲ್ಲು ಅದು.

ದೇವಸ್ಥಾನದ ಮುಂದಿನಿಂದ ಗೆಜ್ಜಲ ಮಂಟಪದವರೆಗೆ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ ಓಡಾಡುತ್ತದೆ. ಹಿರಿಯರಿದ್ದರೆ ಹತ್ತಿಸಿ. ನಡೆಯುವವರು ಹಳೆಯ ಕುದುರೆ ಪೇಟೆಯ ಪುಷ್ಕರಣಿ ನೋಡಿಕೊಂಡು ಹೋಗಬಹುದು. ಅಲ್ಲಿಂದ ಡಾಂಬರು ರಸ್ತೆ, ತಳವಾರಘಟ್ಟದ ಕಲ್ಲು ಬಾಗಿಲು, ಸಣ್ಣ ಊರು, ಬಾಳೆ ತೋಟ, ಆಮೇಲೆ ಹೊಳೆ. ಈ ಕೊನೆಯ ತುಂಡಿನಲ್ಲಿ ನೋಡೋದು ಕಡಿಮೆ, ಬೇಗ ನಡೆದುಬಿಡಿ.

ದಾಟುವಾಗ

ನನಗೆ ಇಡೀ ದಾರಿಯಲ್ಲಿ ಪ್ರೀತಿಯ ಜಾಗ ಇದು. ಹರಿಗೋಲನ್ನು ದೂರದಿಂದ ನೋಡಿದರೆ ದೊಡ್ಡ ಬುಟ್ಟಿ. ಹತ್ತಿರ ಹೋಗಿ ಒಳಗೆ ನೋಡಿ. ಬಿದಿರಿನ ಸೀಳುಗಳನ್ನು ಆರು ಮೂಲೆಯ ಕಣ್ಣು ಬರುವ ಹಾಗೆ ಹೆಣೆದಿರುತ್ತಾರೆ, ಅಂಚಿಗೆ ದಪ್ಪ ಬಿದಿರು ಸುತ್ತಿ ಬಿಗಿದಿರುತ್ತಾರೆ. ಹೊರಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಹಿಂದೆ ಇದೇ ಜಾಗದಲ್ಲಿ ತೊಗಲು ಇತ್ತು. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗುಂದಿ ಕಡೆ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ ಅಂತ ಬರೆದಿದ್ದಾನೆ. ನೆಟ್ಟಗೆ ಹೋಗದೆ ತಿರುಗುತ್ತಾ ತಿರುಗುತ್ತಾ ಹೋಗುತ್ತವೆ ಅಂತಲೂ ಬರೆದಿದ್ದಾನೆ. ಇವತ್ತೂ ಹಾಗೇ ತಿರುಗುತ್ತದೆ.

ಅಮ್ಮನನ್ನು ಕರೆದುಕೊಂಡು ಹೋದ ವರ್ಷ ಅವರಿಗೆ ಹತ್ತಲು ಭಯ. ಅಂಬಿಗರು ಹುಟ್ಟನ್ನು ಕಲ್ಲಿಗೆ ಒತ್ತಿ ಹಿಡಿದು, "ಬರ್ರಿ ಅಮ್ಮಾರೆ, ನಡುವ ಕೂಡ್ರಿ, ಅಂಚು ಹಿಡೀಬ್ಯಾಡ್ರಿ" ಅಂದರು. ಕೂತ ಮೇಲೆ ಅಮ್ಮ ಮೊದಲು ಕಣ್ಣು ಮುಚ್ಚಿಕೊಂಡಿದ್ದರು. ನಡು ಹೊಳೆಗೆ ಬಂದಾಗ ತೆರೆದರು. ನೀರು ಬಿದಿರಿನ ಕೆಳಗೆ ಕುಲುಕುಲು ಅನ್ನೋದು ಕೂತ ಜಾಗಕ್ಕೇ ತಾಗುತ್ತದೆ. ಮೋಟಾರು ಬೋಟಿನಲ್ಲಿ ಅದು ತಾಗುವುದಿಲ್ಲ.

ಮೋಟಾರು ಬೋಟ್ ಇದ್ದರೆ ಅದು ಬೇಗ, ಕೂರಲೂ ಸುಲಭ. ಮಂಡಿ ನೋವಿನವರಿಗೆ ಅದೇ ಒಳ್ಳೆಯದು. ಹರಿಗೋಲಿನಲ್ಲಿ ಕುಕ್ಕರಗಾಲಲ್ಲೋ ಚಕ್ಕಳಮಕ್ಕಳ ಹಾಕಿಯೋ ಕೂರಬೇಕು. ಎರಡಕ್ಕೂ ಒಂದೇ ಮಾತು: ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಜನ ಜಾಸ್ತಿ ತುಂಬಿಸುತ್ತಿದ್ದರೆ ಮುಂದಿನದಕ್ಕೆ ಕಾಯಿರಿ, ಹತ್ತುವ ಮೊದಲು ರೇಟು ಕೇಳಿಕೊಳ್ಳಿ.

ಹೊಳೆಯಲ್ಲಿ ಕಾಂಕ್ರೀಟಿನ ಮುರಿದ ಕಂಬಗಳು ಕಾಣುತ್ತವೆ, ಏನದು ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ಸೇತುವೆ ಕಟ್ಟಲು ಹೊರಟಿದ್ದರು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿದ್ದಿದ್ದಕ್ಕೆ ಈ ಸೇತುವೆಯೂ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ, ಇನ್ನೂ ಕೆಲಸ ನಡೀತಿದ್ದಾಗಲೇ, ಸೇತುವೆ ಕುಸಿದು ಕೂಲಿಯವರು ಜೀವ ಕಳೆದುಕೊಂಡರು. ಅಲ್ಲಿ ನಿಂತಾಗ ಅವರನ್ನೂ ನೆನೆಯಬೇಕು ಅನ್ನಿಸುತ್ತದೆ.

ಆನೆಗುಂದಿ ಕಡೆಯ ದಡ

ಈಗ ಎರಡನೇ ದಾರಿ. ವಿರೂಪಾಕ್ಷದ ಹಿಂದಿನ ಘಟ್ಟದಲ್ಲೇ ಬೋಟ್ ಹತ್ತಿ ವಿರೂಪಾಪುರ ಗಡ್ಡೆಗೆ ದಾಟೋದು, ಅಲ್ಲಿಂದ ಹನುಮನಹಳ್ಳಿ ಮೇಲೆ ಆನೆಗುಂದಿಗೆ ನಡೆಯೋದು. ಗಡ್ಡೆಯಲ್ಲಿ ಹಿಂದೆ ರೆಸಾರ್ಟು, ಹೋಟೆಲು ತುಂಬಿದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ತೆರವು ಮಾಡಿದರು. ಹಳೆಯ ಕಾಲದ ಬ್ಲಾಗ್ ಓದಿ ಹೋದವರು ಅಲ್ಲಿ ತಿಂಡಿ ಸಿಗುತ್ತದೆ ಅಂದುಕೊಂಡು ಹೋಗಬೇಡಿ, ಈ ದಡದಲ್ಲೇ ತಿಂದು ಹೋಗಿ.

ಈ ದಾರಿಯ ಚೆಂದ ಬೇರೆ. ಅಲ್ಲಿ ಗುಡಿ, ಇಲ್ಲಿ ಗದ್ದೆ. ಗಂಗಾವತಿ ಸೀಮೆ ಅಂದರೆ ಭತ್ತದ ಸೀಮೆ ಅಲ್ವಾ. ಬಂಡೆ ಬೆಟ್ಟದ ಬುಡದವರೆಗೂ ಹಸಿರು, ಅದರ ನಡುವೆ ತೆಂಗು, ಬದುವಿನ ಮೇಲೆ ಬೆಳ್ಳಕ್ಕಿ. ನಾಟಿ ಮುಗಿದ ಹೊತ್ತಿಗೆ ಹೋದರೆ ಗದ್ದೆಯ ನೀರಿನಲ್ಲಿ ಬಂಡೆಗಳ ನೆರಳು ತಲೆಕೆಳಗಾಗಿ ಕಾಣುತ್ತದೆ. ಫೋಟೊ ತೆಗೆಯುವವರಿಗೆ ಈ ದಡವೇ ಇಷ್ಟ ಆಗಬಹುದು.

ದಾರಿಯಲ್ಲೇ ಅಂಜನಾದ್ರಿ. ಹನುಮಂತ ಹುಟ್ಟಿದ ಬೆಟ್ಟ ಅಂತ ನಂಬಿಕೆ, ಸುಮಾರು 575 ಮೆಟ್ಟಿಲು. ಮೇಲಿಂದ ಹೊಳೆಯ ತಿರುವು, ಹಂಪಿಯ ಗೋಪುರ, ಗದ್ದೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಬೆಟ್ಟ ಹತ್ತಿದರೆ ಇದು ಸುಲಭದ ನಡಿಗೆಯಾಗಿ ಉಳಿಯುವುದಿಲ್ಲ. ಹತ್ತಿ ಇಳಿಯಲು ಒಂದೂವರೆ ಗಂಟೆ ಬೇರೆ ಇಟ್ಟುಕೊಳ್ಳಿ.

ಈ ದಾರಿಯ ಕೊರತೆ ಎರಡು. ಒಂದು, ಬಹುಪಾಲು ಡಾಂಬರು ರಸ್ತೆ. ಗಾಡಿ ಓಡಾಡುತ್ತವೆ, ಹೊಳೆ ಎಲ್ಲ ಕಡೆ ಪಕ್ಕದಲ್ಲಿರುವುದಿಲ್ಲ, ಬೆಟ್ಟದ ಹಿಂದೆ ಮರೆಯಾಗುತ್ತದೆ. ಎರಡು, ಶನಿವಾರ. ಶನಿವಾರ ಅಂಜನಾದ್ರಿಗೆ ಜನ ಜಾತ್ರೆಯ ಹಾಗೆ ಬರುತ್ತಾರೆ. ಹನುಮ ವ್ರತದ ಹೊತ್ತಿಗೆ, ಡಿಸೆಂಬರಿನಲ್ಲಿ, ಮಾಲೆ ಹಾಕಿದವರು ಸಾವಿರಗಟ್ಟಲೆ ಸೇರುತ್ತಾರೆ. ಭಕ್ತಿಗೆ ಬರುವವರಿಗೆ ಅದೇ ಸೊಗಸು. ನಿಮಗೆ ಹಕ್ಕಿ ಕೂಗು ಕೇಳುತ್ತಾ ನಡೆಯಬೇಕು ಅಂತಿದ್ದರೆ ವಾರದ ನಡುವಿನ ದಿನ ಆರಿಸಿ.

ನನ್ನ ಮಾತು ಕೇಳಿದರೆ, ಈ ದಡಕ್ಕೆ ಸೈಕಲ್ ಚೆನ್ನ. ಹಂಪಿ ಕಡೆಯ ದಡಕ್ಕೆ ಕಾಲು ಚೆನ್ನ. ಅಲ್ಲಿ ಮೆಟ್ಟಿಲು, ಬಂಡೆ ಸಂದು ಇರುವುದರಿಂದ ಸೈಕಲ್ ಹೊತ್ತುಕೊಂಡು ಹೋಗಬೇಕಾಗುತ್ತದೆ.

ದಾಟದೆ ವಾಪಸ್ ಬರುವ ಸುತ್ತು

ಮಳೆಗಾಲದಲ್ಲಿ ಬೇರೆ ದಾರಿಯೇ ಇಲ್ಲದೆ ಇದನ್ನು ಮಾಡಬೇಕಾಗಬಹುದು. ಒಂದು ಆಗಸ್ಟಿನಲ್ಲಿ ನಾನು ತಳವಾರಘಟ್ಟದವರೆಗೂ ನಡೆದು ಹೋಗಿದ್ದೆ. ಹೊಳೆ ಕೆಂಪಗೆ, ದಡದ ಮರಗಳ ಸೊಂಟದವರೆಗೆ. ಹರಿಗೋಲುಗಳನ್ನು ಮೇಲೆ ಎಳೆದು ಬೋರಲು ಹಾಕಿದ್ದರು. ಅದರ ನೆರಳಲ್ಲಿ ಕೂತಿದ್ದ ಅಂಬಿಗರು, "ಡ್ಯಾಮಿಂದ ನೀರ್ ಬಿಟ್ಟಾರ್ರಿ, ಇವತ್ತು ಬಿಡಂಗಿಲ್ಲ" ಅಂದರು. ಹೊರಡುವ ಮುಂಚೆ ಹೊಸಪೇಟೆಯಲ್ಲೋ ಹಂಪಿಯಲ್ಲೋ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ತುಂಗಭದ್ರಾ ಅಣೆಕಟ್ಟು ಹೊಸಪೇಟೆ ಪಕ್ಕದಲ್ಲೇ ಇದೆ, ಮೇಲೆ ಮಲೆನಾಡಿನಲ್ಲಿ ಮಳೆ ಜೋರಾದರೆ ಗೇಟು ತೆರೆಯುತ್ತಾರೆ. ನೀವು ನಿಂತ ಜಾಗದಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ಏರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಹೋಗುವವರು ನೀರಿನ ಸುದ್ದಿ ಕೇಳಿಯೇ ಹೊರಡಬೇಕು. ನೀರು ತೀರಾ ಏರಿದರೆ ಚಕ್ರತೀರ್ಥದ ಕಾಲುದಾರಿಯೂ ಮುಳುಗುತ್ತದೆ, ಆಗ ಮೆಟ್ಟಿಲ ದಾರಿಯಲ್ಲೇ ಹೋಗಬೇಕು.

ಸುತ್ತು ಹೀಗಿರಲಿ: ಹೋಗುವಾಗ ಹೊಳೆಯ ದಾರಿ, ವಿಠ್ಠಲದಿಂದ ಬರುವಾಗ ಅಚ್ಯುತರಾಯ ಪೇಟೆ, ಗುಡಿ, ಮೆಟ್ಟಿಲು ಹತ್ತಿ ಎದುರು ಬಸವಣ್ಣ. ನಾಲ್ಕೂವರೆ ಕಿಲೋಮೀಟರ್ ಇರಬಹುದು. ಒಂದೇ ದಾರಿಯಲ್ಲಿ ಎರಡು ಸಲ ನಡೆದ ಹಾಗೆ ಆಗುವುದಿಲ್ಲ. ಬೋಟಿನ ಚಿಂತೆ ಇಲ್ಲ, ಹಂಪಿಯಲ್ಲಿ ಇಟ್ಟ ಗಾಡಿಗೇ ವಾಪಸ್. ಚಿಕ್ಕ ಮಕ್ಕಳನ್ನು ಕರೆದುಕೊಂಡು ಅರ್ಧ ದಿನಕ್ಕೆ ಬಂದವರಿಗೆ ಇದು ಸಾಕು. ಆದರೆ ಆನೆಗುಂದಿ ನೋಡಲಾಗುವುದಿಲ್ಲ, ಅದೊಂದು ಕೊರತೆ.

ಯಾವ ಕಡೆಯಿಂದ ಶುರು ಮಾಡೋದು?

ಆನೆಗುಂದಿಯಲ್ಲಿ ಉಳಿದುಕೊಂಡವರು ಅಲ್ಲಿಂದಲೇ ಹಂಪಿಗೆ ಬರಬಹುದು. ಕೆಲವರಿಗೆ ಅದೇ ಇಷ್ಟ, ಕೊನೆಗೆ ವಿರೂಪಾಕ್ಷದ ಗೋಪುರ ಎದುರಿಗೆ ಎದ್ದು ನಿಲ್ಲುತ್ತದೆ ಅಂತ. ನನಗೆ ಮಾತ್ರ ಹಂಪಿಯಿಂದ ಹೋಗುವುದೇ ಇಷ್ಟ. ಹೊಳೆ ಹರಿಯುವ ಕಡೆಗೇ ನೀವೂ ನಡೆಯುತ್ತೀರಿ. ವಿಠ್ಠಲ ದೇವಸ್ಥಾನಕ್ಕೆ ಬಾಗಿಲು ತೆರೆಯುವ ಹೊತ್ತಿಗೆ, ಬಸ್ಸಿನ ಜನ ಬರುವ ಮುಂಚೆ ತಲುಪುತ್ತೀರಿ. ಬಿಸಿಲು ಏರುವ ಹೊತ್ತಿಗೆ ಬಂಡೆ ಮುಗಿದು ಬಾಳೆ ತೋಟದ ತಂಪು ಶುರುವಾಗಿರುತ್ತದೆ. ತಿರುಗಿ ಬಂದರೆ ಇದೆಲ್ಲ ಉಲ್ಟಾ. ಹನ್ನೊಂದು ಗಂಟೆಯ ಬಿಸಿಲಿಗೆ ಚಕ್ರತೀರ್ಥದ ಬಂಡೆ ಕಾವಲಿಯಾಗಿರುತ್ತದೆ.

ಸಂಜೆ ನಡೆಯೋದು ಹೇಗೆ ಅಂತ ಕೇಳುತ್ತಾರೆ. ಬಂಡೆಗಳ ಬಣ್ಣ ಸಂಜೆಗೇ ಚೆಂದ, ಅದು ನಿಜ. ಆದರೆ ಬೋಟು ಕತ್ತಲಾಗುವ ಮುಂಚೆ ನಿಲ್ಲುತ್ತದೆ. ಸುತ್ತಿನ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ. ಕತ್ತಲಲ್ಲಿ ಹೊಳೆಯ ದಾರಿಯಲ್ಲಿ ಇರಲೇಬಾರದು, ಒಬ್ಬರೇ ಅಂತೂ ಬೇಡವೇ ಬೇಡ. ಸಂಜೆ ಬೇಕು ಅನ್ನುವವರು ನಾಲ್ಕಕ್ಕೆ ಹೊರಟು ಕೋದಂಡರಾಮದವರೆಗೆ ಹೋಗಿ ದೀಪ ಹಚ್ಚುವ ಮುಂಚೆ ಹಂಪಿಗೆ ಬಂದುಬಿಡಿ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚಿನಲ್ಲೂ ಬೆಳಿಗ್ಗೆ ನಡೆಯುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆಗ ಈ ನಡಿಗೆ ಬೇಡ. ಸಣ್ಣ ಸಂಗತಿ ಒಂದು, ಆದರೆ ಮುಖ್ಯ: ದಪ್ಪ ಸಾಕ್ಸ್ ಒಂದು ಜೊತೆ ಇಟ್ಟುಕೊಳ್ಳಿ. ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿ ಬಿಡಬೇಕು, ಅಂಗಳದ ಕಲ್ಲು ಹತ್ತು ಗಂಟೆಗೇ ಕಾದಿರುತ್ತದೆ. ನೀರು ಇಬ್ಬರಿಗೆ ಮೂರು ಲೀಟರ್ ಬೇಕು. ವಿಠ್ಠಲ ದೇವಸ್ಥಾನದ ಹತ್ತಿರ ಎಳನೀರು ಸಿಗುತ್ತದೆ, ಶೌಚಾಲಯ ಗೆಜ್ಜಲ ಮಂಟಪದ ಪಾರ್ಕಿಂಗ್ ಕಡೆ. ಅದಕ್ಕೆ ಮೊದಲು ಗಟ್ಟಿಯಾಗಿ ನಂಬುವಂಥ ಅಂಗಡಿ ಇಲ್ಲ. ಹೊರಡುವಾಗ ಬೀದಿಯಲ್ಲಿ ಒಂದು ಚಿಪ್ಪು ಸುಗಂಧಿ ಬಾಳೆಹಣ್ಣು ತೆಗೆದುಕೊಳ್ಳಿ. ಕಮಲಾಪುರ ಸೀಮೆಯ ಹಣ್ಣು, ಸಣ್ಣದು, ಘಮ ಜಾಸ್ತಿ.

ಯಾರ ಜೊತೆ ಹೋಗುತ್ತೀರಿ?

ಅಪ್ಪ ಅಮ್ಮನ ಜೊತೆಗಾದರೆ ಹಂಪಿ ಕಡೆಯ ದಡವನ್ನೇ ಎರಡು ತುಂಡು ಮಾಡಿ. ಮೊದಲ ದಿನ ಬೆಳಿಗ್ಗೆ ಕೋದಂಡರಾಮ, ಯಂತ್ರೋದ್ಧಾರಕ. ಎರಡನೇ ದಿನ ಆಟೊದಲ್ಲಿ ಗೆಜ್ಜಲ ಮಂಟಪ, ಬ್ಯಾಟರಿ ಗಾಡಿಯಲ್ಲಿ ವಿಠ್ಠಲ, ಪುರಂದರ ಮಂಟಪ, ಆಮೇಲೆ ದಾಟು. ನಮ್ಮ ಅಮ್ಮನಿಗೆ ಹೀಗೇ ಮಾಡಿದ್ದು. ಇದರಿಂದ ಅವರಿಗೆ ಪ್ರತಿ ಗುಡಿಯಲ್ಲೂ ಕೂರಲು ಹೊತ್ತು ಸಿಕ್ಕಿತು.

ಮಾಧ್ವ ಮನೆತನದ ಹಿರಿಯರಿದ್ದರೆ ನವಬೃಂದಾವನಕ್ಕೆ ಹೋಗಲೇಬೇಕು ಅಂತಾರೆ. ಆನೆಗುಂದಿ ಪಕ್ಕದ ನಡುಗಡ್ಡೆ ಅದು, ಒಂಬತ್ತು ಯತಿಗಳ ಬೃಂದಾವನ. ಪದ್ಮನಾಭ ತೀರ್ಥರು, ವ್ಯಾಸರಾಯರು, ರಾಘವೇಂದ್ರ ಸ್ವಾಮಿಗಳ ಗುರುಗಳಾದ ಸುಧೀಂದ್ರ ತೀರ್ಥರು ಎಲ್ಲ ಅಲ್ಲಿದ್ದಾರೆ. ಅದಕ್ಕೆ ಆನೆಗುಂದಿ ಘಟ್ಟದಿಂದ ಬೇರೆ ಬೋಟು. ನೀರು ಏರಿದ ದಿನ ಅದೂ ಇಲ್ಲ. ಹಾಗಾಗಿ ಅವರೊಂದಿಗೆ ಹೋಗುವಾಗ ನಡಿಗೆ ಕಡಿಮೆ ಮಾಡಿ, ಆನೆಗುಂದಿಗೆ ಜಾಸ್ತಿ ಹೊತ್ತು ಇಡಿ.

ಹತ್ತು ಹನ್ನೆರಡು ವರ್ಷದ ಮಕ್ಕಳಾದರೆ ಪೂರ್ತಿ ದಾರಿ ನಡೆಸಿ, ಅವರಿಗೆ ಬಂಡೆ ಸಂದು, ಕೋತಿ, ಹರಿಗೋಲು ಎಲ್ಲ ಬೇಕು. ಸ್ನೇಹಿತರ ಗುಂಪು, ಕಾಲು ಗಟ್ಟಿ, ಒಂದೇ ದಿನ ಅಂದರೆ ಹಂಪಿ ದಡದಲ್ಲಿ ಹೋಗಿ, ಆನೆಗುಂದಿಯಲ್ಲಿ ಊಟ ಮಾಡಿ, ಆಚೆ ದಡದಲ್ಲಿ ಸೈಕಲ್ಲೋ ಆಟೊವೋ ಹಿಡಿದು ಅಂಜನಾದ್ರಿ ನೋಡಿಕೊಂಡು ಗಡ್ಡೆಯಿಂದ ಬೋಟಿನಲ್ಲಿ ಹಂಪಿಗೆ ವಾಪಸ್ ಬರಬಹುದು. ಆಗ ಎರಡೂ ದಡ ನೋಡಿದ ಹಾಗಾಗುತ್ತದೆ.

ಆನೆಗುಂದಿ ತಲುಪಿದ ಮೇಲೆ

ಬಹಳ ಜನ ಆನೆಗುಂದಿಯನ್ನು ದಾಟಿಹೋಗುವ ಊರು ಅಂದುಕೊಳ್ಳುತ್ತಾರೆ. ವಿಜಯನಗರ ಹುಟ್ಟುವ ಮೊದಲೇ ಕೋಟೆ ಇದ್ದ ಊರು ಇದು. ಈಗಲೂ ಜನ ಬಾಳುತ್ತಿರುವ ಊರು. ಕೋಟೆ ಬಾಗಿಲಿನೊಳಗೆ ಕುರಿ ಹೋಗುತ್ತಿರುತ್ತವೆ, ಗಗನ ಮಹಲಿನ ಎದುರಿಗೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ರಂಗನಾಥ ಗುಡಿಯ ಮುಂದೆ ತೇರು ನಿಂತಿರುತ್ತದೆ. ಹಂಪಿಯಲ್ಲಿ ಕಂಡಿದ್ದೆಲ್ಲ ಇಲ್ಲಿ ಮನೆಗಳ ನಡುವೆ ಸೇರಿಕೊಂಡಿದೆ.

ಇಲ್ಲಿ ಹೆಂಗಸರು ಬಾಳೆ ನಾರಿನ ಕೆಲಸ ಮಾಡುತ್ತಾರೆ. ಗೊನೆ ಕಡಿದ ಮೇಲೆ ಸುಮ್ನೆ ಕೊಳೆಯುವ ದಿಂಡಿನ ಪಟ್ಟೆ ಅದು. ಒಣಗಿಸಿ, ಸೀಳಿ, ತೊಡೆಯ ಮೇಲೆ ಅಂಗೈಯಿಂದ ಉರುಳಿಸಿ ಹುರಿ ಮಾಡುತ್ತಾರೆ. ಒಂದು ಎಳೆ ಮುಗಿಯುವ ಮುಂಚೆ ಇನ್ನೊಂದನ್ನು ಸೇರಿಸುತ್ತಾರೆ, ಗಂಟು ಎಲ್ಲೂ ಕಾಣುವುದಿಲ್ಲ. ಆ ಹುರಿಯಿಂದ ಚೀಲ, ಚಾಪೆ, ಬುಟ್ಟಿ. ಕೊಳ್ಳುವ ಮನಸ್ಸಿದ್ದರೆ ಹಂಪಿಯಲ್ಲಿ ಎಲ್ಲೆಲ್ಲಿಂದಲೋ ಬಂದ ಸಾಮಾನಿಗಿಂತ ಇದನ್ನು ಕೊಳ್ಳಿ, ಚೌಕಾಸಿ ಬೇಡ.

ಊಟಕ್ಕೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲಿ ಸಿಗುತ್ತದೆ ಅಂತ ಊರಲ್ಲಿ ಕೇಳಿ. ಬೆಳಗಿನ ಹೊತ್ತಾದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ನಡೆದು ಹಸಿದವರಿಗೆ ಅದರ ಮುಂದೆ ಬೇರೇನೂ ರುಚಿಸುವುದಿಲ್ಲ.

ಹಂಪಿಗೆ ವಾಪಸ್ ಹೋಗಬೇಕಾದವರು ದಾಟುವಾಗಲೇ ಅಂಬಿಗರನ್ನು ಕೊನೆಯ ಬೋಟು ಎಷ್ಟೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಬುಕ್ಕಸಾಗರ ಸೇತುವೆ ಮೇಲೆ ಆಟೊ ಮಾಡಿಕೊಂಡು ಹೋಗಬೇಕು. ಹಂಪಿಗೆ ಹೋಗಬೇಕಾಗಿಲ್ಲ, ಸೀದಾ ಊರಿಗೆ ಹೊರಡುವವರಾದರೆ ಗಂಗಾವತಿಗೆ ಬಸ್ ಹಿಡಿಯಿರಿ, ಅಲ್ಲಿಂದ ಹೊಸಪೇಟೆಗೂ ಕೊಪ್ಪಳಕ್ಕೂ ಬಸ್ಸು ಸಿಗುತ್ತವೆ.